ಗೆದ್ದಲಿನ ವಿರುದ್ಧ ನನ್ನ ವಾದ

ಇವತ್ತು ಬೆಳಿಗ್ಗೆ ಆಫೀಸಿನ ಮೀಟಿಂಗಿನಲ್ಲಿ ಗಲ್ಲಕ್ಕೆ ಕೈ ಕೊಟ್ಟು ಕೂತಾಗ ಬೆರಳಿನಿಂದ ನೀಲಗಿರಿ ತೊಗಟೆಯ ವಾಸನೆ ಬಂತು. ಎರಡು ಸಲ ಸೋಪು ಹಾಕಿ ತೊಳೆದಿದ್ದರೂ ಉಗುರಿನ ಸಂದಿಯಲ್ಲಿ ಹಳದಿ ಪುಡಿ ಉಳಿದಿತ್ತು. ಕೊರೆಯುವ ಹುಳ ಸೌದೆಯನ್ನು ತಿಂದು ಹೊರಗೆ ತಳ್ಳಿದ ಪುಡಿ ಅದು. ಹೆಬ್ಬಾಳದ ಗಾಜಿನ ಕಟ್ಟಡದಲ್ಲಿ ಕೂರುವವಳಿಗೆ ಇದು ಎಲ್ಲಿಂದ ಅಂಟಿತು ಎನ್ನುತ್ತೀರಾ? ಒಂದು ವಾದ ಗೆದ್ದದ್ದರಿಂದ ಅಂಟಿತು. ತಡೆಯಿರಿ, ಮೊದಲಿನಿಂದ ಹೇಳುತ್ತೇನೆ.

ಜಕ್ಕೂರಿನ ಹಳೇ ಊರಿನಲ್ಲಿ ನನ್ನ ಸೋದರತ್ತೆ ಜಯಮ್ಮ ಹಿತ್ತಲಲ್ಲೇ ಮುದ್ದೆ ಊಟ ಹಾಕುತ್ತಾರೆ. ಸುತ್ತ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಗಾರೆ ಕೆಲಸದವರು ಮಧ್ಯಾಹ್ನ ಅಲ್ಲಿ ಸಾಲಾಗಿ ಕೂರುತ್ತಾರೆ. ಅಷ್ಟು ದೊಡ್ಡ ಪಾತ್ರೆಯ ಮುದ್ದೆ ಗ್ಯಾಸಿನಲ್ಲಿ ಹದವಾಗಿ ಬೇಯುವುದಿಲ್ಲ ಎಂದು ಅತ್ತೆ. ಬೇಯುತ್ತದೆ ಎಂದು ನಾನು. ಆದರೆ ತಿರುವುವವರು ಅವರು. ಹಾಗಾಗಿ ಎಲ್ಲವೂ ಸೌದೆ ಒಲೆ. ಪಕ್ಕದ ತಗಡಿನ ಕೊಟ್ಟಿಗೆಯ ಸೌದೆಗೆ ಹುಳ ಬಿದ್ದರೆ ಉರಿ ಇಲ್ಲ; ಉರಿ ಇಲ್ಲದಿದ್ದರೆ ಅತ್ತೆಯ ಊಟದ ಸಾಲೂ ಇಲ್ಲ.

ಆದ್ದರಿಂದ ಪ್ರತಿ ಅಮಾವಾಸ್ಯೆ ಅತ್ತೆ ಇಡೀ ರಾಶಿಯನ್ನು ಅಂಗಳಕ್ಕೆ ಇಳಿಸುತ್ತಿದ್ದರು. ಒಂದೊಂದು ತುಂಡನ್ನೂ ನೆಲಕ್ಕೆ ಕುಟ್ಟಿ, ಸಡಿಲ ತೊಗಟೆ ಸುಲಿದು, ಬಿಸಿಲು ಕಾಣಿಸಿ, ಸಂಜೆಗೆ ಚಪ್ಪಡಿ ಕಲ್ಲಿನ ಮೇಲೆ, ಗೋಡೆಗೆ ತಾಗದಂತೆ ಮತ್ತೆ ಒಟ್ಟುವುದು. ಪುಡಿ ಉದುರಿದ್ದು ಮೊದಲು ಒಲೆಗೆ. ಜರಿಯೋ ಚೇಳೋ ಸಿಕ್ಕರೆ, ಮನೆ ಖಾಲಿ ಮಾಡಿಸುವ ಓನರಿನ ಹಾಗೆ ಬೈದುಕೊಂಡೇ ಪೊರಕೆಯಿಂದ ಆಚೆ ದಬ್ಬುತ್ತಿದ್ದರು.

ಈ ವಾದ ಶುರುವಾದಾಗ ನನಗೆ ಹತ್ತೊಂಬತ್ತು. ಯಲಹಂಕದ ಕಾಲೇಜಿನ ಚರ್ಚಾತಂಡದಲ್ಲಿದ್ದೆ. ಎದುರಾಳಿ ಬಾಯಿ ತೆರೆಯುವ ಮೊದಲೇ ಖಂಡನೆ ಬರೆದಿಟ್ಟುಕೊಳ್ಳುವ ಚಟ.

“ಅತ್ತೆ, ಗೆದ್ದಲು ಪಂಚಾಂಗ ನೋಡ್ಕೊಂಡು ಬರುತ್ತಾ? ಅಮಾವಾಸ್ಯೆಗೂ ಹುಳಕ್ಕೂ ಏನ್ ಸಂಬಂಧ?”

“ಏನೂ ಇಲ್ಲ ಕಣಮ್ಮ. ಆ ತುಂಡು ಎತ್ಕೊಡು.”

ಎದುರಾಳಿ ಒಪ್ಪಿಕೊಂಡುಬಿಟ್ಟರೆ ಮುಂದೇನು ಮಾಡಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ. ಗೆದ್ದೆ ಎಂದುಕೊಂಡೆ.

ಮುಂದಿನ ತಿಂಗಳು ಅತ್ತೆ ಒಂದು ನಾಮಕರಣಕ್ಕೆಂದು ಮಾಕಳಿಗೆ ಹೋದರು. ನಾನು ಗೆದ್ದಲು ಔಷಧಿ ತಂದು, ಪಕ್ಕದ ಮನೆಯವರ ಪಂಪು ಬೆನ್ನಿಗೆ ಹೊತ್ತು, ಅರ್ಧ ರಾಶಿಗೆ ಸಿಂಪಡಿಸಿದೆ. ಇನ್ನರ್ಧ ಬಿಟ್ಟದ್ದು ಹೋಲಿಕೆಗೆ. ಅಷ್ಟು ದೊಡ್ಡ ವಿಜ್ಞಾನಿ ನಾನು. ಸಂಜೆ ಅತ್ತೆ ಬಂದಾಗ ಡಬ್ಬಿಯನ್ನು ಬಹುಮಾನದ ಕಪ್ಪಿನಂತೆ ಎತ್ತಿ ಹಿಡಿದು ಓದಿದೆ. ಗೆದ್ದಲು, ಕೊರೆಯುವ ಹುಳ, ಇರುವೆ, ಎಲ್ಲಕ್ಕೂ ಇದೊಂದೇ!

“ಸಣ್ ಅಕ್ಸರದಾಗೆ ಇನ್ನೂ ಏನೋ ಐತಲ್ಲ. ಅದ್ನೂ ಓದು.”

ಓದಿದೆ. ಅಡುಗೆಯ ಜಾಗದಲ್ಲಿ ಬಳಸಬಾರದು. ಸಿಂಪಡಿಸಿದ್ದನ್ನು ಸುಡಬಾರದು, ಅದರ ಹೊಗೆ ಕುಡಿಯಬಾರದು. ಸಾಲು ಮುಗಿಯುವಷ್ಟರಲ್ಲಿ ಎತ್ತಿ ಹಿಡಿದಿದ್ದ ಡಬ್ಬಿ ಕೆಳಗಿಳಿದಿತ್ತು.

“ಸೌದೆ ಇನ್ನೆಲ್ಲಿಗೋಯ್ತದೆ ಲಾಯರಮ್ಮ? ಮದ್ವೆಗಾ?”

ಮರುದಿನ ಆ ಒಲೆಯ ಮುಂದೆ ಬಾಗಿ ಊದುಗೊಳವೆ ಊದಬೇಕಾಗಿದ್ದವರು ಅತ್ತೆ. ನನ್ನ ಯಾವ ಟಿಪ್ಪಣಿಯಲ್ಲೂ ಆ ಹೊಗೆ ಸೇರುವ ಅತ್ತೆಯ ಎದೆ ಇರಲಿಲ್ಲ. ಇಬ್ಬರೂ ಕೂತು ರಾಶಿ ಬೇರೆ ಮಾಡಿದೆವು. ನಡುವಿನ ತುಂಡುಗಳಿಗೆ ಹನಿ ಸಿಡಿದಿತ್ತೋ ಇಲ್ಲವೋ ನನಗೆ ತಿಳಿಯದು. “ಅನ್ಮಾನ ಬಂದಿದ್ನೆಲ್ಲ ಆ ಕಡೀಕೇ ಆಕು” ಎಂದರು ಅತ್ತೆ. ಅನುಮಾನಪಡುವುದು ನನ್ನೊಬ್ಬಳ ಕಸುಬು ಎಂದುಕೊಂಡಿದ್ದೆನಲ್ಲ!

ಉಳಿದದ್ದು ಮೂರು ದಿನಕ್ಕೆ ಬಂತು. ನಾಲ್ಕನೆಯ ದಿನ ಒಲೆ ಹೊತ್ತಲಿಲ್ಲ. ಕೈ ತೊಳೆದುಕೊಂಡೇ ಬಂದಿದ್ದ ಗಾರೆ ಕೆಲಸದವರು ತಣ್ಣಗಿದ್ದ ಒಲೆ ನೋಡಿ ಹಿಂದಿರುಗಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ.

ಅವತ್ತೇ ಅತ್ತೆ ನನ್ನ ಹಳೆಯ ಪ್ರಶ್ನೆಗೆ ಉತ್ತರ ಕೊಟ್ಟರು. “ಅಮಾಸೆ ಗೆದ್ಲಿಗಲ್ಲ ಕಣೇ. ಅವತ್ತು ನೇಗ್ಲಿಗೆ ಎತ್ತು ಕಟ್ತಿರ್ಲಿಲ್ಲ, ಗಂಡಸ್ರು ಮನೇಲಿರೋರು. ರಾಸಿ ಇಳ್ಸಕ್ಕೆ ಕೈ ಸಿಗೋವು. ಉಳಾನ ಸಾಯ್ಸಕ್ಕೇನೂ ಓಗ್ಬೇಕಾಗಿಲ್ಲ, ನೆಮ್ದಿಯಾಗಿ ಕೂರಕ್ ಬುಡ್ಬಾರ್ದು, ಅಷ್ಟೇಯ.”

ನೋಡಿ, ಯಾರೂ ಮಂಡಿಸದ ವಾದವನ್ನು ನಾನು ಒಂದು ತಿಂಗಳಿಡೀ ಖಂಡಿಸಿದ್ದೆ. ಕೇಳಿದ್ದು “ಏನ್ ಸಂಬಂಧ” ಎಂದು. “ಮತ್ತೆ ಯಾಕೆ” ಎಂದು ಕೇಳಿರಲೇ ಇಲ್ಲ.

ಹಾಗೆಂದು ನನ್ನ ಬಾಯಿ ನಿಂತಿದೆ ಎಂದುಕೊಳ್ಳಬೇಡಿ. ಎತ್ತು ಕಟ್ಟುತ್ತಿದ್ದ ಹೊಲದಲ್ಲಿ ಈಗ ಹದಿನಾಲ್ಕು ಮಹಡಿ ನಿಂತಿದೆ. ಕಳೆದ ವಾರ ನಾನೇ ಮಾತು ತೆಗೆದೆ: “ಎತ್ತೇ ಇಲ್ವಲ್ಲ ಅತ್ತೆ, ಈಗ್ಲೂ ಅಮಾವಾಸ್ಯೆ ಯಾಕೆ? ರಜಾ ಇರೋದು ಭಾನುವಾರ.”

ಪ್ರತಿವಾದಕ್ಕೆ ಸಜ್ಜಾಗಿ ನಿಂತೆ. ಅತ್ತೆ ತಲೆದೂಗಿದರು. “ಊಂ, ಅದೂ ನಿಜಾನೇ. ಭಾನುವಾರನೇ ಮಾಡಾನ ಬುಡು.”

ಅಷ್ಟೇ. ಒಂದು ವಾಕ್ಯಕ್ಕೆ ಅಷ್ಟು ವರ್ಷಗಳ ಅಮಾವಾಸ್ಯೆ ಬಿದ್ದುಹೋಯಿತು. ಕಸಿವಿಸಿಯಾದದ್ದು, ನಂಬುತ್ತೀರೋ ಇಲ್ಲವೋ, ನನಗೆ. “ಇನ್ನೊಂದ್ಸಲ ಯೋಚ್ನೆ ಮಾಡಿ ಅತ್ತೆ” ಎಂದೂ ಅಂದೆ.

“ಯೋಚ್ನೆ ಏನು? ರಜಾ ಯಾರಿಗೈತೋ ಅವ್ರು ಬರ್ಬೇಕು. ಆರ್ ಗಂಟೆಗ್ ಬಾ.”

ನಿನ್ನೆ ಹೋದೆ. ಜಕ್ಕೂರಿನ ತರಬೇತಿ ವಿಮಾನಗಳು ತಲೆಯ ಮೇಲೆ ಗುಂಯ್‌ಗುಟ್ಟುತ್ತಿರಲು, ರಾಶಿ ಪೂರ್ತಿ ಇಳಿಸಿ ಪೂರ್ತಿ ಒಟ್ಟಿದೆ. ಇವತ್ತು ಮೀಟಿಂಗಿನಲ್ಲಿ ಭುಜ ಎತ್ತಲಾಗಲಿಲ್ಲ, ಒಪ್ಪುತ್ತೇನೆ. ಆದರೂ ಗೆಲುವು ಗೆಲುವೇ. ನಾನು ಬೆವರುತ್ತಿದ್ದಾಗ ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತು, ಕಾಲು ಚಾಚಿ, ಲೋಟದ ಕಾಫಿಯನ್ನು ಆರಿಸಿ ಆರಿಸಿ ಕುಡಿದರು. ರಾಶಿ ಇಳಿಸುವ ದಿನ ಅವರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.