ಎದೆಪಟ್ಟಿಯ ಬಿಳಿ ದಾರ

ಟೈಲರಮ್ಮನಿಗೆ ಹೆದರಿಕೆ ಹುಟ್ಟುಗುಣ. ಅಂಗಡಿಗೆ ಬೀಗ ಹಾಕಿ ರಸ್ತೆ ದಾಟಿದವಳು ತಿರುಗಿ ಬಂದು ಬೀಗ ಜಗ್ಗಿ ನೋಡುತ್ತಾಳೆ. ಇಸ್ತ್ರಿಪೆಟ್ಟಿಗೆಯ ವೈರು ಕಿತ್ತಿಟ್ಟದ್ದು ಕಣ್ಣಿಗೆ ಕಂಡರೂ ಕೈಯಿಂದ ಮುಟ್ಟಬೇಕು. ಗಂಡ ಕಟ್ಟಡಗಳಿಗೆ ಬಣ್ಣ ಬಳಿಯುವವನು. ಆರನೇ ಮಹಡಿಯ ಎತ್ತರದಲ್ಲಿ, ಹಗ್ಗದಲ್ಲಿ ಕಟ್ಟಿದ ಸಾರ್ವೆಯ ಹಲಗೆ ಮೇಲೆ ಕಾಲು ಇಳಿಬಿಟ್ಟು ಬುತ್ತಿ ಬಿಚ್ಚುವ ಆಸಾಮಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂಥ ಸಂಸಾರ. ಎತ್ತು ಯಾರು, ಕೋಣ ಯಾರು ಎಂದು ಕೇಳಿದರೆ ಮಾತ್ರ ಇಬ್ಬರ ಉತ್ತರವೂ ಬೇರೆ.

ಮಕ್ಕಳಿಲ್ಲದ ಮನೆಗೆ ಅವನೊಂದು ದಿನ ಖಾಲಿ ಬಣ್ಣದ ಡಬ್ಬದಲ್ಲಿ ನಾಯಿಮರಿ ತಂದ. ಬೇಡವೇ ಬೇಡ ಎಂದವಳಿಗೆ ತಿಂಗಳೊಳಗೆ ಅದು ಪಕ್ಕದಲ್ಲಿಲ್ಲದಿದ್ದರೆ ತುತ್ತು ಇಳಿಯದಂತಾಯಿತು. ಮರಿಗೂ ಅಷ್ಟೇ. ಅವಳ ದನಿ ಕಿವಿಗೆ ಬಿದ್ದರೆ ಸಾಕು, ಎಲ್ಲಿದ್ದರೂ ನೆಗೆದು ಬರುತ್ತಿತ್ತು.

ಆ ಶನಿವಾರ ಗಂಡ ಹಟ ಹಿಡಿದು ಇಬ್ಬರನ್ನೂ ಬೆಟ್ಟ ಹತ್ತಿಸಿದ. ರಾತ್ರಿ ಅಲ್ಲೇ ಹಾಕಿದ ಗುಡಾರದಲ್ಲಿ ಅವಳು ಕಣ್ಣು ಮುಚ್ಚಲಿಲ್ಲ. ಎಲೆ ಅಲುಗಿದರೂ ಚಿರತೆಯೇ. ಅವನು ಗೊರಕೆ ಹೊಡೆದ.

ಬೆಳಿಗ್ಗೆ ಅವನು ಮರಿಯ ಎದೆಗೆ ಸುತ್ತಿದ ಬಟ್ಟೆಪಟ್ಟಿಗೆ ಹಗ್ಗ ಕಟ್ಟಿ ಹಿಡಿದು ತುದಿಬಂಡೆಗೆ ಹೋದ. ನಡುವೆ ಒಂದಾಳು ನಡೆಯುವಷ್ಟೇ ಅಗಲದ ಕಲ್ಲು, ಎರಡೂ ಕಡೆ ಪ್ರಪಾತ. ಅವಳು ಈಚೆಯೇ ಕುಕ್ಕರಿಸಿದಳು.

"ಬಾರೇ, ನಾಲ್ಕು ಹೆಜ್ಜೆ ಅಷ್ಟೆ."

"ನಾನು ಬರಲ್ಲ ರೀ."

ಅವಳ ದನಿಗೆ ಮರಿ ಗಕ್ಕನೆ ತಿರುಗಿ ಜಗ್ಗಿತು. ಎದೆಪಟ್ಟಿಯ ಜೋಡಣೆ ಬಾಯಿ ಬಿಟ್ಟಿತು. ಒಳಗೆ ಬಿಳಿ ದಾರ.

ಆ ಪಟ್ಟಿ ಅವಳೇ ಮಾಡಿದ್ದು. ಅಳತೆ ನೋಡಲೆಂದು ಬಿಳಿ ದಾರದಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದ್ದಳು. ಅಷ್ಟರಲ್ಲಿ ಯಾರೋ ಕೋಟು ಕೇಳಿಕೊಂಡು ಬಂದರು, ಮಿಷನ್ ಹೊಲಿಗೆ ಬೀಳಲೇ ಇಲ್ಲ. ಬೀಗ ಎರಡು ಸಲ ನೋಡುವವಳು ಇದನ್ನು ಒಂದು ಸಲವೂ ನೋಡಲಿಲ್ಲ.

ಕೂಗಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಕೂಗಿದರೆ ಮರಿ ನೆಗೆಯುತ್ತದೆ, ನೆಗೆದರೆ ದಾರ ಕಿತ್ತುಹೋಗುತ್ತದೆ. ಕೈಸನ್ನೆ ಮಾಡೋಣವೆಂದರೆ ಗಂಡ ಆಗಲೇ ಬೆನ್ನು ತಿರುಗಿಸಿ ಕಣಿವೆ ನೋಡುತ್ತಿದ್ದಾನೆ. ಮರಿ ಅಂಚಿನಲ್ಲಿ ಒಂದು ಓತಿಕ್ಯಾತದ ಹಿಂದೆ ಬಿದ್ದಿದೆ.

ಅವಳು ಆ ಕಲ್ಲಿನ ಮೇಲೆ ಅಂಬೆಗಾಲಿಟ್ಟಳು. ಮಂಡಿ ತರಚಿಹೋಯಿತು. ಕೆಳಗೆ ನೋಡಬಾರದು ಅಂದುಕೊಂಡೇ ನೋಡಿದಳು, ಮರದ ತಲೆಗಳು ಕಂಡವು. ಬಾಯಿ ಬಿಟ್ಟರೆ ಎಲ್ಲಿ ಚೀರಿಬಿಡುತ್ತೇನೋ ಎಂದು ತುಟಿ ಕಚ್ಚಿಕೊಂಡೇ ಆಚೆ ಮುಟ್ಟಿ, ಮರಿಯ ಮೇಲೆ ಬಿದ್ದು ಎರಡೂ ಕೈಯಲ್ಲಿ ತಬ್ಬಿಕೊಂಡಳು.

ಗಂಡ ತಿರುಗಿ ನಕ್ಕ. "ಅಂತೂ ಬಂದ್ಯಲ್ಲೇ, ಪುಕ್ಕಲಿ." ನಗುತ್ತಲೇ ಹಗ್ಗ ಎಳೆದ. ಹಗ್ಗ ಬಂತು, ಪಟ್ಟಿಯೂ ಬಂತು. ಮರಿ ಬರಲಿಲ್ಲ.

ಅವನು ಖಾಲಿ ಪಟ್ಟಿಯನ್ನು ನೋಡಿದ. ಅಂಚನ್ನು ನೋಡಿದ. ನಿಧಾನಕ್ಕೆ ಕೂತ.

"ಹೊಲಿಗೆ ಹಾಕೋದು ಮರೆತೆ ರೀ," ಎಂದಳು. ಆಗ ಅಳು ಬಂತು.

ಅವನು ಬೈಯಲಿಲ್ಲ. ಪಟ್ಟಿಯಿಂದ ಇಳಿಬಿದ್ದ ಬಿಳಿ ದಾರವನ್ನು ಬೆರಳಿಗೆ ಸುತ್ತಿಕೊಂಡು, "ನಾನು ಕೂರೋ ಸಾರ್ವೆ ಹಗ್ಗಾನೂ ಹೀಗೇ ಯಾರೋ ಕಟ್ಟಿರ್ತಾರೆ ಅಲ್ವೇನೇ," ಎಂದ.

"ದಿನಾ ನೀವು ಹೊಸಿಲು ದಾಟಿದ ಕೂಡ್ಲೇ ನಂಗೆ ಅದೇ ಯೋಚನೆ."

ಇಷ್ಟು ವರ್ಷದಲ್ಲಿ ಅವಳು ಇದನ್ನು ಹೇಳಿರಲಿಲ್ಲ, ಅವನು ಕೇಳಿರಲೂ ಇಲ್ಲ.

ವಾಪಸು ಹೋಗಲು ಅವನು ಎದ್ದು ಕಲ್ಲಿನ ಮೇಲೆ ಒಂದು ಕಾಲಿಟ್ಟ. ಕೆಳಗೆ ನೋಡಿ ಹಿಂದೆ ತೆಗೆದ. ಮರಿಯನ್ನು ಸ್ವೆಟರಿನೊಳಗೆ ತುರುಕಿಕೊಂಡು ಅವಳೇ ಮುಂದಾದಳು.

"ಮೆಲ್ಲಗೆ ಹೋಗೇ," ಎಂದ ಅವನು ಹಿಂದಿನಿಂದ, ಕೈ ಊರಿಕೊಂಡು. "ಕಾಲು ಎಲ್ಲಿಡಲಿ, ಹೇಳು."