ಮೇಷ್ಟ್ರ ಮರೆವು

ಶಾಲೆ ಮುಚ್ಚಿ ಪಾಠ ಫೋನಿಗೆ ಬಂದ ಮೇಲೂ ಕೈಲಾಂಚದ ಬಸವಲಿಂಗಯ್ಯ ಮೇಷ್ಟ್ರು ನಿಂತೇ ಲೆಕ್ಕ ಹೇಳಿಕೊಡುತ್ತಾರೆ. ಹಿಂದಿನ ಬೆಂಚಿಗೂ ಮುಟ್ಟಲೆಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ. ಮಗ್ಗಿ ತಪ್ಪಿದವನ ಕಿವಿ ಹಿಂಡಲು ಫೋನಿನತ್ತ ಕೈ ಚಾಚಿ ನಾಚುತ್ತಾರೆ. "ಮಕ್ಕಳ್ನ ಮ್ಯೂಟ್ ಮಾಡಿ ಅಪ್ಪಾಜಿ," ಎಂದು ಮಗಳು ಶ್ರುತಿ ರೇಗಿದರೆ, "ಸದ್ದೇ ಇಲ್ದಿದ್ರೆ ಅದೆಂಥ ಕ್ಲಾಸಮ್ಮ?" ಎನ್ನುತ್ತಾರೆ. ಆ ಸದ್ದಿನೊಳಗೇ ಒಂದು ದಿನ, ಏಳನೇ ತರಗತಿಯ ಸಿಂಚನಾಳ ಫೋನಿನಿಂದ ರೇಷ್ಮೆಹುಳು ಸೊಪ್ಪು ಮೇಯುವ ಸರಸರ ಕೇಳಿಸಿತು. ಹುಳುವಿನ ಕೆಲಸಕ್ಕೆಂದು ಅವಳ ಓದು ಬಿಡಿಸುವ ಮಾತು ಮನೆಯಲ್ಲಿ ನಡೆದಿದೆಯೆಂದು ಅವರಿಗೆ ಗೊತ್ತು. ಅಂದಿನಿಂದ, ಅವಳು ಸೊಪ್ಪು ಹಾಕಿ ಬರುವವರೆಗೂ ಹೇಳಿದ ಲೆಕ್ಕವನ್ನೇ ಮತ್ತೆ ಮತ್ತೆ ಹೇಳುತ್ತಾರೆ. "ಇದ್ನ ಆಗ್ಲೇ ಹೇಳ್ಬುಟ್ರಲ್ಲ ಸಾ," ಎಂದು ಯಾರೋ ಹುಡುಗ ನಕ್ಕರೆ, "ಹೂಂ ಕಣ್ಲಾ, ವಯಸ್ಸಾಯ್ತು, ಒಸಿ ಮರೀತೀನಿ," ಎನ್ನುತ್ತಾರೆ.