ಖಾಲಿ ಎಂದು ಹೇಳಿದವನು ನಾನು

2000ನೇ ಇಸವಿಯ ಮಾರ್ಚ್ ತಿಂಗಳ ಒಂದು ಶನಿವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ನಾನು ಟೋಕಿಯೋದ ಎಡೋಗಾವಾ ಬಡಾವಣೆಯ ಒಂದು ಸಣ್ಣ ಕಾರ್ಖಾನೆಯ ಎರಡನೆಯ ಮಹಡಿಯಲ್ಲಿ, ಗುಂಡು ಹಾರಿಸುವ ಗೆರೆಯಿಂದ ಒಂದು ಹೆಜ್ಜೆ ಹಿಂದೆ, ಉದ್ದನೆಯ ಮೇಜಿನ ಎಡತುದಿಯಲ್ಲಿ ನಿಂತಿದ್ದೆ. ನನ್ನ ಬಲಕ್ಕೆ ಎರಡಡಿ ದೂರದಲ್ಲಿ ಕುದೋ-ಸಾನ್; ಅಲ್ಲಿನ "ಸಾನ್" ಎಂದರೆ ನಮ್ಮ "ಅವರು" ಇದ್ದಂತೆ. ಎದುರಿಗೆ, ಗೆರೆಯಿಂದ ಐದು ಮೀಟರ್ ಆಚೆ, ಹಯಾಶಿ-ಸಾನ್. ಹಿಂದೆ ಬಾಗಿಲ ಬಳಿ ಗಿರೀಶ. ಬೇರೆ ವಿಷಯಗಳಲ್ಲಿ ನನ್ನ ನೆನಪು ಕೈಕೊಡಬಹುದು. ನಾವು ನಾಲ್ವರು ನಿಂತಿದ್ದ ಜಾಗಗಳ ವಿಷಯದಲ್ಲಿ ಇಲ್ಲ.

ಜಪಾನಿನಲ್ಲಿ ರೈಫಲ್ ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ನಾನು ಹೇಳುತ್ತಿರುವುದು ಬ್ಯಾಟರಿಯಿಂದ ನಡೆಯುವ, ಆರು ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡು ಹಾರಿಸುವ ಏರ್‌ಸಾಫ್ಟ್ ರೈಫಲ್ ಬಗ್ಗೆ. ನಿಜವಾದ ಬಂದೂಕು ಅಲ್ಲಿ ಸುಲಭಕ್ಕೆ ಯಾರ ಕೈಗೂ ಸಿಗುವುದಿಲ್ಲ. ಹಾಗಾಗಿ ಇದನ್ನೇ ಹಿಡಿದು ಬಹಳ ಗಂಭೀರವಾಗಿ ಸ್ಪರ್ಧೆ ನಡೆಸುತ್ತಾರೆ. ಹತ್ತು ಮೀಟರಿನೊಳಗೆ ಐದು ಕಬ್ಬಿಣದ ತಟ್ಟೆಗಳು. ಬಝರ್ ಕೂಗಿದ ಕ್ಷಣದಿಂದ ಐದನೆಯ ತಟ್ಟೆ ಟಣ್ ಎನ್ನುವವರೆಗೆ ಎಷ್ಟು ಸೆಕೆಂಡ್ ಹಿಡಿಯಿತು ಎಂಬುದೇ ಲೆಕ್ಕ. ಗುಂಡು ಮೈಗೆ ತಗುಲಿದರೆ ಚರ್ಮ ಕೆಂಪಾಗುತ್ತದೆ. ಕಣ್ಣಿಗೆ ತಗುಲಿದರೆ ಕಣ್ಣೇ ಹೋಗಬಹುದು.

ಬೆಂಗಳೂರಿನ ನಮ್ಮ ಕಂಪನಿ ನನ್ನನ್ನೂ ಗಿರೀಶನನ್ನೂ ವೈಟುಕೆ ಕೆಲಸಕ್ಕೆಂದು, ಅಂದರೆ 2000ನೇ ಇಸವಿ ಹುಟ್ಟಿದಾಗ ಕಂಪ್ಯೂಟರುಗಳು ತಾರೀಕು ತಪ್ಪದಂತೆ ನೋಡಿಕೊಳ್ಳಲು, ಟೋಕಿಯೋಗೆ ಕಳಿಸಿತ್ತು. ಜನವರಿ ಒಂದನೇ ತಾರೀಕು ಬಂತು, ಏನೂ ಆಗಲಿಲ್ಲ. ನಮ್ಮ ಒಪ್ಪಂದ ಮಾತ್ರ ಮಾರ್ಚ್ ಕೊನೆಯವರೆಗೆ ಇತ್ತು. ಉಳಿದ ತಿಂಗಳುಗಳಿಗೆ ನಮ್ಮನ್ನು ಈ ಕಾರ್ಖಾನೆಗೆ ಹಾಕಿದರು. ಅಲ್ಲಿ ಇಂಥ ಸ್ಪರ್ಧೆಗಳಿಗೆ ಬೇಕಾದ ಟೈಮರುಗಳನ್ನು ಮಾಡುತ್ತಿದ್ದರು. ಗಿರೀಶನಿಗೆ ಜಪಾನಿ ಭಾಷೆ ಚೆನ್ನಾಗಿ ಬರುತ್ತಿತ್ತು, ಆದ್ದರಿಂದ ಅವನು ನನ್ನ ದುಭಾಷಿ.

"ಬ್ಯಾಚ್‌ನವರೆಲ್ಲ ಬ್ಯಾಂಕಿಂಗ್ ಪ್ರಾಜೆಕ್ಟ್‌ಗೆ ಹೋದ್ರು, ನಮ್ಗೆ ಸಿಕ್ಕಿದ್ದು ಆಟದ ಕೋವಿ," ಎಂದು ಅವನು ಮೊದಲ ದಿನವೇ ಗೊಣಗಿದ. "ರೆಸ್ಯೂಮೇಲಿ ಏನಂತ ಬರೀತೀಯ ಗುರೂ?"

ನನಗೆ ಮಾತ್ರ ಅಷ್ಟು ಖುಷಿ ಕೊಟ್ಟ ಕೆಲಸ ಮುಂದೆಂದೂ ಸಿಗಲಿಲ್ಲ. ರೈಫಲ್ಲಿನ ಮೂತಿಗೆ ಒಂದು ಪುಟ್ಟ ಪೆಟ್ಟಿಗೆ ಕಟ್ಟಿದ್ದೆವು. ಅದರೊಳಗಿನ ಬೆಳಕಿನ ಎಳೆಯನ್ನು ಗುಂಡು ಕತ್ತರಿಸಿದಾಗಲೆಲ್ಲ ಟೈಮರಿನ ಪರದೆಯ ಮೇಲೆ ಎಣಿಕೆ ಒಂದು ಏರುತ್ತಿತ್ತು. ಮ್ಯಾಗಜಿನ್ನಿಗೆ, ಅಂದರೆ ಗುಂಡಿನ ಗೂಡಿಗೆ, ತುಂಬಿದಷ್ಟೂ ಹೊರಬಂದ ಮೇಲೆ ಹಸಿರು ಅಕ್ಷರದಲ್ಲಿ "ಖಾಲಿ" ಎಂದು ಬರುತ್ತಿತ್ತು. ಆ ಹಸಿರು ಅಕ್ಷರ ನಾನೇ ಸೂಚಿಸಿ, ನಾನೇ ಬರೆದು ಸೇರಿಸಿದ್ದು.

ಆ ಶನಿವಾರ ನಾವು ಸಿದ್ಧಪಡಿಸುತ್ತಿದ್ದ ಪುಟ್ಟ ರೈಫಲ್ ಹಯಾಶಿ-ಸಾನ್ ಅವರದು. ಇಪ್ಪತ್ತೇಳು ವರ್ಷದ ಆಕೆ ಅದೇ ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಬೆಸೆಯುತ್ತಿದ್ದರು. ಹಿಂದಿನ ಶರತ್ಕಾಲದಲ್ಲಿ ಸೈಕಲ್ಲಿನಿಂದ ಬಿದ್ದು ಎಡ ಮಣಿಕಟ್ಟು ಮುರಿದಿತ್ತು. ಹಳೆಯ ರೈಫಲ್ ಉದ್ದ, ಅದರ ಭಾರವೆಲ್ಲ ಮುಂದಕ್ಕೆ. ಮೂರನೆಯ ತಟ್ಟೆಗೆ ಬರುವಷ್ಟರಲ್ಲಿ ಕೈ ನಡುಗುತ್ತಿತ್ತು. ಮರುದಿನ ಭಾನುವಾರ ತಂಡದ ಆಯ್ಕೆ. ಉಳಿದಿದ್ದದ್ದು ಒಂದೇ ಜಾಗ. ಅದು ತಪ್ಪಿದರೆ ಇಡೀ ವರ್ಷ ಅವರು ಹೊರಗೆ.

ರೈಫಲ್ ಹೊಂದಿಸುತ್ತಿದ್ದವರು ಅರವತ್ತೊಂದು ವರ್ಷದ ಕುದೋ-ಸಾನ್. ಅವರು ಬ್ಯಾರೆಲನ್ನು ಗಿಡ್ಡ ಮಾಡಿದ್ದರು. ಭುಜಕ್ಕೆ ಒತ್ತುವ ಹಿಂಭಾಗವನ್ನು, ಅಂದರೆ ಸ್ಟಾಕನ್ನು, ಹಯಾಶಿ-ಸಾನ್ ಅವರ ಮೊಣಕೈಯಿಂದ ಬೆರಳಿನವರೆಗೆ ಅಳೆದು ಮೂರು ಸೆಂಟಿಮೀಟರ್ ಕತ್ತರಿಸಿದ್ದರು. ಗುರಿ ನೋಡುವ ಕೆಂಪು ಚುಕ್ಕೆಯ ಸಾಧನ ಬ್ಯಾರೆಲಿಗಿಂತ ಆರು ಸೆಂಟಿಮೀಟರ್ ಮೇಲಿರುತ್ತದೆ. ದೂರದ ಗುರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಏಳು ಮೀಟರಿಗೆ ಸರಿಹೊಂದಿಸಿದರೆ ಐದು ಮೀಟರಿನಲ್ಲಿ ಗುಂಡು ಚುಕ್ಕೆಗಿಂತ ಸುಮಾರು ಎರಡು ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ನಾನು ಪ್ರತಿ ತಟ್ಟೆಗೂ ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ಕೋಷ್ಟಕವನ್ನೇ ಹಾಕಿಕೊಟ್ಟೆ.

ಕುದೋ-ಸಾನ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತಲೆಬಾಗಿ, ಮಡಿಚಿ ಜೇಬಿಗಿಟ್ಟು ಏನೋ ಹೇಳಿದರು.

"ತುಂಬಾ ಚೆನ್ನಾಗಿದೆಯಂತೆ," ಎಂದ ಗಿರೀಶ. "ಆದ್ರೆ ಮೂರು ಸೆಕೆಂಡಲ್ಲಿ ಗಣಿತ ಮಾಡೋಷ್ಟು ಟೈಮ್ ಆಕೆಗಿಲ್ವಂತೆ. ಏಳು ಮೀಟರ್‌ದೇ ಸಣ್ಣ ತಟ್ಟೆ, ಅದಕ್ಕೆ ಸರಿ ಮಾಡಿದ್ರೆ ಉಳಿದವು ದೊಡ್ಡವು, ಹೆಂಗೂ ಬೀಳತ್ತೆ ಅಂತಾರೆ."

ಹಾಗೇ ಆಯಿತು. ಬೆಳಿಗ್ಗೆ 4.4 ಸೆಕೆಂಡ್ ಇದ್ದ ಓಟ, ಅಂದರೆ ಐದು ತಟ್ಟೆಗಳ ಒಂದು ಸರದಿ, ಊಟದ ಹೊತ್ತಿಗೆ 3.9, ಮೂರು ಗಂಟೆಗೆ 3.6. ಪ್ರತಿ ಸಲವೂ ನಾನು ಸಂಖ್ಯೆಯನ್ನು ಕೂಗಿ ಹೇಳುತ್ತಿದ್ದೆ, ಹಯಾಶಿ-ಸಾನ್ ಗೆರೆಯ ಮೇಲೇ ಕುಣಿಯುತ್ತಿದ್ದರು. ಇನ್ನೊಂದೇ ಕೆಲಸ ಬಾಕಿ: ಮುಂದಿನ ಹಿಡಿಯಲ್ಲಿದ್ದ ಬ್ಯಾಟರಿಯನ್ನು ಸ್ಟಾಕಿನೊಳಗೆ ಸೇರಿಸುವುದು. ಹಾಗೆ ಮಾಡಿದರೆ ಭಾರ ಮಣಿಕಟ್ಟಿನಿಂದ ಭುಜಕ್ಕೆ ಬರುತ್ತಿತ್ತು.

ಅಲ್ಲಿ ಒಂದು ಕಟ್ಟುನಿಟ್ಟಾದ ರೂಢಿಯಿತ್ತು. ಪ್ರತಿ ಸುತ್ತಿನ ನಂತರ ಮ್ಯಾಗಜಿನ್ ತೆಗೆದು, ಬ್ಯಾರೆಲನ್ನು ಮರಳಿನ ಡಬ್ಬಿಗಿಟ್ಟು ಎರಡು ಸಲ ಟ್ರಿಗರ್ ಒತ್ತಬೇಕು. ಆಮೇಲೆ ಬೆರಳು ತೋರಿಸಿ "ಯೋಶಿ", ಅಂದರೆ "ಸರಿಯಿದೆ", ಎಂದು ಗಟ್ಟಿಯಾಗಿ ಕೂಗಬೇಕು. ಅಲ್ಲಿನ ರೈಲು ಚಾಲಕರೂ ಸಿಗ್ನಲ್ಲಿಗೆ ಹೀಗೇ ಬೆರಳು ತೋರಿಸಿ ಕೂಗುತ್ತಾರೆ. ನನಗೆ ಅದು ನಾಚಿಕೆಯ ವಿಷಯವಾಗಿತ್ತು. "ಗಾಳಿಗೆ ಬೆರಳು ತೋರ್ಸ್ಕೊಂಡು ಕೂಗೋದು ನಮ್ಮಮ್ಮ ನೋಡಿದ್ರೆ ದೃಷ್ಟಿ ತೆಗೀತಾರೆ," ಎಂದು ಗಿರೀಶ ಬೇರೆ ನಗುತ್ತಿದ್ದ.

ಹಯಾಶಿ-ಸಾನ್ ಗುರಿ ಗುರುತಿನ ಹೊಸ ಕಾಗದಕ್ಕೆ ಮೂವತ್ತು ಗುಂಡು ಹಾರಿಸಿ ಮ್ಯಾಗಜಿನ್ ತೆಗೆದು ರೈಫಲನ್ನು ಮೇಜಿನ ಮೇಲಿಟ್ಟರು. ಪರದೆಯಲ್ಲಿ ಮೂವತ್ತು. ಹಸಿರು ಅಕ್ಷರ ಬಂತು. ಆ ದಿನ ಖಚಿತಪಡಿಸುವ ಪಾಳಿ ನನ್ನದು. ನಾನು ಮರಳಿನ ಡಬ್ಬಿಯ ಕಡೆ ತಿರುಗಲೂ ಇಲ್ಲ. "ಖಾಲಿ" ಎಂದೆ.

ನನ್ನ ಮಾತು ಕೇಳಿ ಹಯಾಶಿ-ಸಾನ್ ಗೆರೆ ದಾಟಿ ಕಾಗದ ತರಲು ಹೋದರು. ಕನ್ನಡಕದಂಥ ರಕ್ಷಣಾ ಗಾಗಲ್ಸ್ ಮಂಜು ಹಿಡಿದಿತ್ತು, ಹಣೆಗೆ ಏರಿಸಿಕೊಂಡರು. ಕಾಗದ ಬಿಡಿಸಿ, ಮುಖದೆದುರು ಬೆಳಕಿಗೆ ಹಿಡಿದು ತೂತುಗಳನ್ನು ಎಣಿಸತೊಡಗಿದರು. ಇತ್ತ ಕುದೋ-ಸಾನ್ ತಲೆ ಬಗ್ಗಿಸಿ ಬ್ಯಾಟರಿಯನ್ನು ಹೊಸ ಜಾಗಕ್ಕೆ ಸೇರಿಸಿದರು. ಮೋಟಾರಿನ ಸದ್ದು ಸರಿಯಿದೆಯೇ ಎಂದು ಕೇಳಲು, ಮೂತಿಯನ್ನು ರೂಢಿಯಂತೆ ಗುರಿಯ ಕಡೆಗಿಟ್ಟು, ಒಂದು ಸಲ ಟ್ರಿಗರ್ ಒತ್ತಿದರು.

ಕಾಗದ ಪಟ್ ಎಂದಿತು.

ಹಯಾಶಿ-ಸಾನ್ ಕೂತುಬಿಟ್ಟರು. ಎರಡೂ ಕೈ ಮುಖದ ಮೇಲೆ. ಪರದೆಯ ಮೇಲೆ ಮೂವತ್ತೊಂದು ಎಂದು ಬಂದದ್ದನ್ನು ನಾನು ಕಂಡೆ. ಆಮೇಲೆ ಆಕೆ ಒಂದೊಂದೇ ಕೈ ತೆಗೆದು, ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, "ಮಿಯೆಮಾಸು" ಎಂದರು.

"ಕಾಣಿಸ್ತಿದೆಯಂತೆ," ಎಂದ ಗಿರೀಶ. "ಎರಡೂ ಕಣ್ಣು ಕಾಣಿಸ್ತಿದೆಯಂತೆ ಕಣೋ."

ಬಲಗಣ್ಣಿನ ಕೆಳಗೆ, ಒಂದು ಬೆರಳಿನ ಅಗಲದಷ್ಟು ದೂರದಲ್ಲಿ, ಕೆಂಪು ಬಾವು ಏಳುತ್ತಿತ್ತು.

ಆದದ್ದು ಇಷ್ಟು. ಹಿಂದಿನ ಮ್ಯಾಗಜಿನ್ ತೆಗೆದಾಗ ಬ್ಯಾರೆಲಿನ ಬುಡದಲ್ಲಿ ಒಂದು ಗುಂಡು ಉಳಿದಿತ್ತು. ಆಗಲೂ ನಾನು ಡಬ್ಬಿಗೆ ಒತ್ತಿ ನೋಡಿರಲಿಲ್ಲ. ಹೊಸ ಸುತ್ತಿನಲ್ಲಿ ಮೊದಲು ಹೊರಬಂದದ್ದು ಅದು. ಆದ್ದರಿಂದ ಮೂವತ್ತು ಹಾರಿದ ಮೇಲೂ ಒಂದು ಒಳಗಿತ್ತು. ನನ್ನ ಯಂತ್ರ ಹೊರಗೆ ಹೋದದ್ದನ್ನು ತಪ್ಪಿಲ್ಲದೆ ಎಣಿಸಿತ್ತು. ಒಳಗೆ ಏನಿದೆ ಎಂದು ಅದಕ್ಕೆ ಗೊತ್ತಿರಲಿಲ್ಲ. ಗೊತ್ತಿದೆ ಎಂದು ಬರೆದುಕೊಟ್ಟವನು ನಾನು.

ಗಿರೀಶ ಆಕೆಯನ್ನು ಪಕ್ಕದ ಬೀದಿಯ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಕುದೋ-ಸಾನ್ ರೈಫಲ್ಲಿಗೆ ಕೆಂಪು ಟೇಪು ಸುತ್ತಿದರು. ಕಾರ್ಖಾನೆಯ ಪದ್ಧತಿ ಅದು: ಕೂದಲೆಳೆಯಲ್ಲಿ ತಪ್ಪಿದ ಅಪಘಾತಕ್ಕೂ ವರದಿ ಬರೆದು, ಕಾರಣ ಸರಿಪಡಿಸಿ, ಮಾಲೀಕರ ಮೊಹರು ಬೀಳುವವರೆಗೆ ಆ ಸಾಮಾನು ಮುಟ್ಟುವಂತಿಲ್ಲ. ಮಾಲೀಕರು ಏಳಕ್ಕೆ ಹೊರಡುತ್ತಿದ್ದರು. ಮರುದಿನ ರಜೆ.

ಐದು ಗಂಟೆ ಹತ್ತು ನಿಮಿಷಕ್ಕೆ ಹಯಾಶಿ-ಸಾನ್ ಕಣ್ಣಿಗೇನೂ ಆಗಿಲ್ಲವೆಂಬ ವೈದ್ಯರ ಚೀಟಿ ಹಿಡಿದು ಬಂದರು. ನಾನು ಎದ್ದು ನಿಂತು "ಸುಮಿಮಾಸೆನ್", ಅಂದರೆ "ಕ್ಷಮಿಸಿ", ಎನ್ನಲು ಹೋದೆ. ಅಳು ಬಂತು. ಆಕೆ ಕೆಂಪು ಟೇಪಿನ ಕಡೆ ನೋಡಿ, ಗಿರೀಶನಿಗೆ ಏನೋ ಹೇಳಿದರು.

"ಅಳೋದು ಭಾನುವಾರ ಆದ್ಮೇಲೆ ಅಳಿ, ಈಗ ಬರೀರಿ ಅಂತಾರೆ. ಆಕೆಗೆ ರೈಫಲ್ ಬೇಕಂತೆ."

ಪ್ರತಿಯೊಬ್ಬರೂ ಬೇರೆಬೇರೆಯಾಗಿ, ತಾನು ಎಲ್ಲಿ ನಿಂತಿದ್ದೆ, ಏನು ಕಂಡೆ ಎಂದು ಬರೆಯಬೇಕು. ನಾನು ಮೊದಲು ಬರೆದದ್ದು "ನಿಯಮದ ಪಾಲನೆಯಾಗಲಿಲ್ಲ" ಎಂದು. ಕುದೋ-ಸಾನ್ ಓದಿಸಿಕೊಂಡು ಸಾಲದೆಂದು ತಲೆಯಾಡಿಸಿದರು.

"ಯಾರಿಂದ ಆಗ್ಲಿಲ್ಲ ಅಂತ ಕೇಳ್ತಿದಾರೆ," ಎಂದ ಗಿರೀಶ. "ಗೋಡೆಯಿಂದಾನಾ? ಗೋಡೆ ಅನ್ನೋದು ನಂದು, ಅವರು ಹೇಳಿದ್ದಲ್ಲ."

ಮತ್ತೆ ಬರೆದೆ: "ಬೆರಳು ತೋರಿಸಿ ಕೂಗಲು ನನಗೆ ನಾಚಿಕೆಯಾಯಿತು. ಪರದೆ ನೋಡಿ ಖಾಲಿ ಎಂದೆ."

ಕುದೋ-ಸಾನ್ ತಮ್ಮ ಹಾಳೆಯಲ್ಲಿ ಬರೆದದ್ದನ್ನು ಗಿರೀಶ ಮೆಲ್ಲಗೆ ಓದಿ ಹೇಳಿದ. ಬೇರೆ ಯಾರಾದರೂ ಹೇಳಿದ್ದರೆ ಅವರು ತಾವೇ ಇನ್ನೊಮ್ಮೆ ಡಬ್ಬಿಗೆ ಹಾರಿಸಿ ನೋಡುತ್ತಿದ್ದರಂತೆ. ದೂರದ ದೇಶದಿಂದ ಬಂದ ಎಂಜಿನಿಯರ್ ತನ್ನದೇ ಯಂತ್ರ ನೋಡಿ ಹೇಳಿದ ಮಾತನ್ನು ಅವನೆದುರೇ ಪರೀಕ್ಷಿಸುವುದು ಅವಮರ್ಯಾದೆ ಎನಿಸಿತಂತೆ. "ಆ ಮರ್ಯಾದೆ ನನ್ನ ತಪ್ಪು" ಎಂದು ಮುಗಿಸಿದ್ದರು.

ಉಳಿದದ್ದು ಕಾರಣ ಸರಿಪಡಿಸುವುದು. ಆ ಹಸಿರು ಅಕ್ಷರವನ್ನು ಪ್ರೋಗ್ರಾಮಿನಿಂದ ತೆಗೆದುಹಾಕಿ, ಬರೀ ಎಣಿಕೆ ಮಾತ್ರ ಬರುವಂತೆ ಮಾಡಿದೆ. ಮೂರು ಟೈಮರುಗಳಲ್ಲೂ ಪರೀಕ್ಷಿಸಿದೆ. ಆರು ಗಂಟೆ ನಲವತ್ತಕ್ಕೆ ಮಾಲೀಕರು ನಾಲ್ಕೂ ಹಾಳೆ ಓದಿ ಮೊಹರು ಒತ್ತಿದರು.

ಭಾನುವಾರ ಹೊಸ ತೊಂದರೆ. ಬಾವು ಬಂದಿದ್ದ ಬಲಗೆನ್ನೆಯೇ ಸ್ಟಾಕಿಗೆ ತಾಗುವ ಜಾಗ. ಕುದೋ-ಸಾನ್ ಅಲ್ಲೇ ನೆಲದ ಮೇಲೆ ಕೂತು ಆ ಭಾಗವನ್ನು ಅರದಿಂದ ಉಜ್ಜಿ ತಗ್ಗಿಸಿ, ಮೇಲೆ ತೆಳುವಾದ ಸ್ಪಂಜು ಅಂಟಿಸಿದರು. ಐದು ಓಟ, ಅತಿ ಕೆಟ್ಟದ್ದನ್ನು ಬಿಟ್ಟು ನಾಲ್ಕರ ಮೊತ್ತ. ಪ್ರತಿಸ್ಪರ್ಧಿ 14.2ಕ್ಕೆ ಮುಗಿಸಿದ್ದರು. ಹಯಾಶಿ-ಸಾನ್ ಮೊದಲ ಓಟದಲ್ಲಿ ಬಝರ್‌ಗೇ ಬೆಚ್ಚಿದರು: 5.1.

"ಹೋಯ್ತು," ಎಂದ ಗಿರೀಶ.

"ಸುಮ್ನಿರೋ."

3.5. ಮತ್ತೆ 3.4. ಮತ್ತೆ 3.4. ಕೊನೆಯದು 3.9ಕ್ಕಿಂತ ಕಡಿಮೆಯಿರಬೇಕು. ಟಣ್, ಟಣ್, ಟಣ್. ನಾಲ್ಕನೆಯದು ಸದ್ದಿಲ್ಲ! ಮಣಿಕಟ್ಟು ಅಲುಗಲಿಲ್ಲ. ಅದೇ ತಟ್ಟೆಗೆ ಮತ್ತೊಂದು ಗುಂಡು, ಟಣ್. ಐದನೆಯದು, ಟಣ್. ಹಯಾಶಿ-ಸಾನ್ ಫಲಕದ ಕಡೆ ನೋಡಲಿಲ್ಲ. ಮ್ಯಾಗಜಿನ್ ತೆಗೆದು, ಡಬ್ಬಿಗೆ ಎರಡು ಸಲ ಒತ್ತಿ, ಬೆರಳು ತೋರಿಸಿ ಇಡೀ ಸಭಾಂಗಣಕ್ಕೆ ಕೇಳುವಂತೆ "ಯೋಶಿ!" ಎಂದು ಕೂಗಿ, ಆಮೇಲೆ ತಲೆಯೆತ್ತಿದರು. 3.6. ಗಿರೀಶ ನನ್ನನ್ನು ಎತ್ತಿಯೇಬಿಟ್ಟ. ಕುದೋ-ಸಾನ್ ಮಾತ್ರ ಅರವನ್ನು ಬಟ್ಟೆಯಲ್ಲಿ ಸುತ್ತುತ್ತಾ ಕೂತಿದ್ದರು.

ಆ ಮೇಲೆ ಇಪ್ಪತ್ತು ವರ್ಷ ನಾನು ಆಸ್ಪತ್ರೆ, ಲಿಫ್ಟ್, ಬಾಯ್ಲರ್ ಯಂತ್ರಗಳ ಸಾಫ್ಟ್‌ವೇರ್ ಪರೀಕ್ಷಿಸಿದೆ. ಯಂತ್ರ ತಾನು ಅಳೆದದ್ದನ್ನು ಮಾತ್ರ ಹೇಳಬೇಕು, ಅದರಿಂದ ಊಹಿಸಿದ್ದನ್ನಲ್ಲ. ಇದನ್ನು ನಾನು ಪ್ರತಿ ಹೊಸ ತಂಡಕ್ಕೂ ಹೇಳಿದ್ದೇನೆ. ಇನ್ನೊಂದನ್ನು ಹೇಳುವುದು ಕಷ್ಟವಾಗುತ್ತಿತ್ತು, ಆದರೂ ಹೇಳಿದ್ದೇನೆ: ಯಾರಾದರೂ ನಿಮ್ಮ ಕೆಲಸವನ್ನು ನಿಮ್ಮೆದುರೇ ಮತ್ತೆ ಪರೀಕ್ಷಿಸಿದರೆ ಅವರಿಗೆ ಜಾಗ ಬಿಟ್ಟು ನಿಲ್ಲಿ.

ಕುದೋ-ಸಾನ್ ತೀರಿಕೊಂಡು ಒಂಬತ್ತು ವರ್ಷವಾಯಿತು. ಆ ಕೋಣೆಯಲ್ಲಿ ಅಂದು ಇದ್ದವರ ಪೈಕಿ ಹಯಾಶಿ-ಸಾನ್ ಫುಕುವೋಕಾದಲ್ಲಿದ್ದಾರೆ, ಗಿರೀಶ ಎಡೋಗಾವಾದಲ್ಲೇ ನೆಲೆಸಿದ್ದಾನೆ. ಹಯಾಶಿ-ಸಾನ್ ಅವರಿಗೆ ಇಂದಿಗೂ ಎರಡೂ ಕಣ್ಣು ಚೆನ್ನಾಗಿ ಕಾಣುತ್ತವೆ.